ತೊಂಬತ್ತೊಂದನೇ ಹಾಳೆ

ಕಳೆದ ತಿಂಗಳು ಜೆ.ಪಿ. ನಗರದ ಒಂದು ಪಾರ್ಲರಿನಲ್ಲಿ ತಲೆಗೆ ಬಣ್ಣ ಹಾಕಿಸಿಕೊಳ್ಳಲು ಕೂತಿದ್ದೆ. ಹುಡುಗಿ ಬಟ್ಟಲಲ್ಲಿ ಬಣ್ಣ ಕಲಸಿದಳೋ ಇಲ್ಲವೋ, ಅಮೋನಿಯಾದ ಘಾಟು ಕಣ್ಣಿಗೇ ಹೊಡೆಯಿತು. "ಆಂಟಿ, ಉರೀತಿದ್ಯಾ? ಅಮೋನಿಯಾ ಇಲ್ದಿರೋದೂ ಇದೆ" ಎಂದಳು. ಇದೇ ಇರಲಿ ಎಂದು ಕಣ್ಣು ಮುಚ್ಚಿಕೊಂಡೆ. ಸುಮಾರು ನಲವತ್ತು ವರ್ಷದ ಹಿಂದೆ ಜಯನಗರದ ನಮ್ಮ ಕಚೇರಿಯ ಹಿಂದಿನ ಕೋಣೆಯಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಯಂತ್ರವೊಂದಿತ್ತು. ಅದರೊಳಗಿನಿಂದ ನೀಲಿ ಗೆರೆಯ ಹಾಳೆಗಳು ಬೆಚ್ಚಗೆ ಹೊರಗೆ ಬರುವಾಗ ಇಡೀ ಕಟ್ಟಡ ಹೀಗೇ ಘಾಟಾಗುತ್ತಿತ್ತು. ಆ ವರ್ಷದ ಮಳೆಗಾಲದಲ್ಲಿ ನಡೆದದ್ದನ್ನು ನಾನು ನನ್ನ ಗಂಡನಿಗೂ ಅರ್ಧವೇ ಹೇಳಿದ್ದೇನೆ.

ಆಗ ಎಂಬತ್ತರ ದಶಕದ ನಡುಮಧ್ಯ. ನನಗೆ ಇಪ್ಪತ್ಮೂರು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ, ನಾಲ್ಕನೇ ಬ್ಲಾಕಿನ ಹತ್ತಿರ ಒಂದು ಸಣ್ಣ ಕಚೇರಿ ಸೇರಿದ್ದೆ. ನಮ್ಮ ಮನೆಯೂ ಜಯನಗರದಲ್ಲೇ, ಒಂಬತ್ತನೇ ಬ್ಲಾಕಿನಲ್ಲಿ. ನಡೆದುಕೊಂಡೇ ಹೋಗಿ ಬರುತ್ತಿದ್ದೆ. ಊರು ದಕ್ಷಿಣಕ್ಕೆ ಬೆಳೆಯುತ್ತಿದ್ದ ಕಾಲ. ಪುಟ್ಟೇನಹಳ್ಳಿ, ವಸಂತಪುರ, ಉತ್ತರಹಳ್ಳಿಯ ಸುತ್ತಿನ ಹೊಲಗಳೆಲ್ಲ ಬಡಾವಣೆಗಳಾಗಬೇಕಿತ್ತು. ಅದಕ್ಕೆ ಮೊದಲು ಆ ಹಳ್ಳಿಗಳ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಿ, ಒಂದೇ ಅಳತೆಗೆ ತಂದು, ಹೊಸ ಹಾಳೆಗಳಲ್ಲಿ ಬರೆದುಕೊಡುವ ಕೆಲಸ ಸರ್ಕಾರದ ಇಲಾಖೆಯೊಂದರಿಂದ ನಮ್ಮ ಕಚೇರಿಗೆ ಬಂದಿತ್ತು. ಒಟ್ಟು ನೂರಾ ಹನ್ನೆರಡು ಹಾಳೆ.

ಕೆಲಸ ಹೀಗಿರುತ್ತಿತ್ತು. ದೊಡ್ಡ ಮೇಜಿನ ಮೇಲೆ ನಕ್ಷೆಯನ್ನು ಅಂಟಿಸಿ, ಕೂದಲೆಳೆಯಂಥ ಗುರುತಿದ್ದ ಗಾಜಿನ ಬಿಲ್ಲೆಯನ್ನು ಹೊಲದ ಒಂದೊಂದು ಮೂಲೆಯ ಮೇಲೂ ಇಟ್ಟು ಗುಂಡಿ ಒತ್ತಬೇಕು. ಆ ಮೂಲೆ ಎರಡು ಅಂಕಿಗಳಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಹತ್ತು ಹನ್ನೆರಡು ಜೋಡಿ ಅಂಕಿ ಸೇರಿದರೆ ಒಂದು ಹೊಲ. ಆದರೆ ಅಕ್ಕಪಕ್ಕದ ಎರಡು ಹೊಲಗಳಿಗೆ ಬದು ಒಂದೇ. ಅದನ್ನು ಎರಡು ಸಲ ಒತ್ತಿದಾಗ ಎರಡೂ ಗೆರೆ ಸರಿಯಾಗಿ ಒಂದರ ಮೇಲೊಂದು ಕೂರುತ್ತಿರಲಿಲ್ಲ. ನಡುವೆ ಉಗುರಿನ ಅಂಚಿನಂಥ ಒಂದು ಸುಳ್ಳು ಚೂರು ಉಳಿಯುತ್ತಿತ್ತು. ಅಂಥ ಚೂರು ಸಿಕ್ಕಾಗಲೆಲ್ಲ ಕಂಪ್ಯೂಟರ್ ನಿಂತು, ಇದನ್ನು ತೆಗೆಯಲೇ ಬೇಡವೇ ಎಂದು ಕೇಳುತ್ತಿತ್ತು. ತೆಗಿ ಎನ್ನಲು 'ವೈ' ಒತ್ತಬೇಕು, ಬೇಡ ಎನ್ನಲು 'ಎನ್'.

ಉತ್ತರ ಹೇಳುತ್ತಿದ್ದವರು ಶಿವಲಿಂಗಪ್ಪನವರು. ತಿಪಟೂರಿನ ಕಡೆಯವರು. ಮೂವತ್ತು ವರ್ಷ ಸರ್ವೆಯಲ್ಲಿ ನಕ್ಷೆ ಬರೆದು ನಿವೃತ್ತರಾಗಿ, ಗಿರಿನಗರದಲ್ಲಿ ಮನೆ ಮಾಡಿಕೊಂಡು, ನಮ್ಮಲ್ಲಿಗೆ ಹಾಳೆಗಳನ್ನು ತಾಳೆ ನೋಡಲು ಬರುತ್ತಿದ್ದರು. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಭೂತಗನ್ನಡಿ. ನನ್ನ ಪಕ್ಕ ಕೂತು, ತೊಡೆಯ ಮೇಲೆ ಹಳೆಯ ನಕ್ಷೆ ಹರಡಿಕೊಂಡು, ಒಂದೊಂದು ಚೂರನ್ನೂ ನೋಡಿ ಹೇಳುತ್ತಿದ್ದರು. "ತೆಗಿಯಮ್ಮ. ಇದನ್ನೂ ತೆಗಿ. ತಡಿ ತಡಿ, ಇದು ಬಂಡಿ ದಾರಿ ಕಣಮ್ಮ, ಇರ್ಲಿ." ಎಲ್ಲ ಹಾಳೆಗಳ ಮೂಲೆಗಳನ್ನೂ ಒತ್ತಿ ಮುಗಿದಿತ್ತು; ಈ ಚೂರು ತೆಗೆಯುವುದಕ್ಕೇ ಒಂದು ಹಾಳೆಗೆ ಒಂದು ದಿನ ಹಿಡಿಯುತ್ತಿತ್ತು. ಜೂನ್ ಕಳೆಯುತ್ತ ಬಂದಂತೆ ಮಳೆಯ ಜೊತೆ ಕರೆಂಟೂ ಆಟವಾಡತೊಡಗಿತು. ದಿನವೆಲ್ಲ ಮಾಡಿದ್ದು ಒಂದೇ ಗಳಿಗೆಯಲ್ಲಿ ಹೋಗಿ, ಮರುದಿನ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು.

ಜುಲೈ ಮೊದಲ ವಾರ ನಮ್ಮ ಯಜಮಾನರಾದ ಮೂರ್ತಿ ಸಾರ್ ನನ್ನನ್ನು ಕರೆದರು. ಕೆಟ್ಟ ಮನುಷ್ಯರಲ್ಲ. ಕಂಪ್ಯೂಟರ್ ಅಂದರೆ ಮಕ್ಕಳ ಹಾಗೆ ಕುಣಿಯುತ್ತಿದ್ದರು.

"ನಾಗರತ್ನ, ದಿನಕ್ಕೊಂದು ಹಾಳೆ ಅಂದ್ರೆ ದೀಪಾವಳಿ ಆದ್ರೂ ಮುಗಿಯಲ್ಲ. ಇಲಾಖೆಯವರು ಗಣೇಶನ ಹಬ್ಬದೊಳಗೆ ಬೇಕೇ ಬೇಕು ಅಂತಿದಾರೆ. ಏನಾದ್ರೂ ಮಾಡೋಕಾಗುತ್ತಾ?"

"ಮಾಡ್ತೀನಿ ಸಾರ್" ಎಂದೆ. ಯಾರೂ ಅದುವರೆಗೆ ನನ್ನನ್ನು ಹಾಗೆ ಕೇಳಿರಲಿಲ್ಲ.

ಎರಡು ವಾರ ನಾನು ಬೇರೆ ಯಾವುದನ್ನೂ ಯೋಚಿಸಲಿಲ್ಲ. ಎಲ್ಲ ಆಜ್ಞೆಗಳನ್ನೂ ಒಂದೇ ಕಡತದಲ್ಲಿ ಸಾಲಾಗಿ ಬರೆದು, ಹಾಳೆಯಿಂದ ಹಾಳೆಗೆ ಅದೇ ಮುಂದುವರಿಯುವ ಹಾಗೆ ಮಾಡಿದೆ. ಮುಗಿದ ಹಾಳೆಯ ಸಂಖ್ಯೆಯನ್ನು ಅದು ಬರೆದಿಟ್ಟುಕೊಳ್ಳುತ್ತಿತ್ತು; ಕರೆಂಟು ಹೋಗಿ ಬಂದರೆ ಅಲ್ಲಿಂದಲೇ ಶುರು. ಆದರೂ ನಿಧಾನವಿತ್ತು. ಒಂದು ಗೆರೆಯನ್ನು ಹಾಳೆಯ ಉಳಿದೆಲ್ಲ ಗೆರೆಗಳ ಜೊತೆ ಹೋಲಿಸಿ ನೋಡುತ್ತಿದ್ದುದರಿಂದ ತಡವಾಗುತ್ತಿತ್ತು. ಒಂದು ಬೆಳಿಗ್ಗೆ ಪೋಸ್ಟ್‌ಮನ್ ಕಾಗದ ಕೊಟ್ಟು ಹೋಗುವುದನ್ನು ನೋಡುತ್ತ ನಿಂತಿದ್ದಾಗ ಹೊಳೆಯಿತು. ಅವನು ಒಂದು ಕಾಗದ ಹಿಡಿದು ಜಯನಗರದ ಎಲ್ಲ ಬಾಗಿಲನ್ನೂ ತಟ್ಟುವುದಿಲ್ಲ. ಯಾವ ಬ್ಲಾಕು, ಯಾವ ಮೇನು, ಯಾವ ಕ್ರಾಸು ಎಂದು ನೋಡಿ ಅಲ್ಲಿಗಷ್ಟೇ ಹೋಗುತ್ತಾನೆ. ನಾನೂ ಹಾಳೆಯನ್ನು ಚೌಕಗಳಾಗಿ ಹಂಚಿ, ಒಂದು ಗೆರೆಯನ್ನು ಅದರ ಚೌಕದ ನೆರೆಹೊರೆಯ ಜೊತೆಗಷ್ಟೇ ಹೋಲಿಸಿದೆ. ನಲವತ್ತು ನಿಮಿಷದ ಕೆಲಸ ಮೂರು ನಿಮಿಷಕ್ಕೆ ಇಳಿಯಿತು. ಕುರ್ಚಿಯಿಂದೆದ್ದು ಒಬ್ಬಳೇ ಕೈ ತಟ್ಟಿದ್ದು ನೆನಪಿದೆ.

ಉಳಿದದ್ದು ಆ ಪ್ರಶ್ನೆ. ಚೂರು ಸಿಕ್ಕಿದ ಕಡೆಯೆಲ್ಲ ಕಂಪ್ಯೂಟರ್ ನಿಂತು ಕೇಳಿದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಅದಕ್ಕೂ ದಾರಿ ಕಂಡೆ. ಒಂದು ಮಿಲಿಮೀಟರಿಗಿಂತ ತೆಳ್ಳಗಿನ ಚೂರುಗಳಿಗೆಲ್ಲ ಉತ್ತರವನ್ನು ಮೊದಲೇ ಬರೆದಿಟ್ಟುಬಿಟ್ಟೆ. ವೈ, ವೈ, ವೈ.

ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಓಡಿಸಿ ತೋರಿಸಿದೆ. ಪರದೆಯ ಮೇಲೆ ಹಾಳೆಗಳ ಸಂಖ್ಯೆ ಒಂದಾದ ಮೇಲೊಂದು ಏರತೊಡಗಿತು. ಮೂರ್ತಿ ಸಾರ್ ಮೇಜು ಬಡಿದು, "ಸಖತ್! ಎಲ್ರಿಗೂ ಮಸಾಲೆ ದೋಸೆ ತರಿಸ್ರೀ" ಎಂದು ಕೂಗಿದರು. ಶಿವಲಿಂಗಪ್ಪನವರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನೇ ನೋಡುತ್ತಿದ್ದರು.

"ನಡುವೆ ಕೇಳ್ತಿತ್ತಲ್ಲ, ಅದು ಎಲ್ಲಿಗೆ ಹೋಯ್ತಮ್ಮ?"

"ಅದಕ್ಕೆ ನಾನೇ ಉತ್ತರ ಹಾಕಿದೀನಿ ಸಾರ್. ಒಂದು ಮಿಲಿಮೀಟರಿಗಿಂತ ಸಣ್ಣದೆಲ್ಲ ಸುಳ್ಳು ಚೂರೇ ತಾನೇ? ನೀವೂ ನೂರಕ್ಕೆ ತೊಂಬತ್ತೊಂಬತ್ತು ಸಲ ತೆಗಿ ಅಂತಲೇ ಹೇಳಿರೋದು."

"ಇನ್ನೊಂದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಮಾತ್ರ ನಗದೆ ತಮ್ಮ ಜಾಗಕ್ಕೆ ಹೋಗಿ ಕೂತರು.

ಆಗಸ್ಟಿನಲ್ಲಿ ಹಾಳೆಗಳ ಮೇಲೆ ಹಾಳೆ ಬಂದವು. ಹಿಂದಿನ ಕೋಣೆಯ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿತ್ತು. ಹೊರಗೆ ಮಳೆ, ಕಿಟಕಿ ತೆರೆಯುವ ಹಾಗಿಲ್ಲ, ಎಲ್ಲರ ಕಣ್ಣೂ ಕೆಂಪು. ಪ್ರತಿ ಹಾಳೆಯ ಮೂಲೆಯಲ್ಲಿ 'ತಾಳೆ ನೋಡಿದವರು' ಎಂದು ಒಂದು ಸಾಲು. ಶಿವಲಿಂಗಪ್ಪನವರು ಮೊದಲ ಇಪ್ಪತ್ತು ಹಾಳೆಗಳನ್ನು ಹಳೆಯ ನಕ್ಷೆಯ ಮೇಲಿಟ್ಟು, ಕೆಳಗಿನಿಂದ ದೀಪ ಹಾಕಿ ಗೆರೆಗೆ ಗೆರೆ ನೋಡಿದರು. ಅಷ್ಟರಲ್ಲಿ ಹಬ್ಬ ಮೂರು ದಿನ ಉಳಿದಿತ್ತು. ಮೂರ್ತಿ ಸಾರ್ ಉಳಿದ ಹಾಳೆಗಳ ಕಟ್ಟನ್ನು ಅವರ ಮುಂದೆ ಇಟ್ಟು, "ಶಿವಲಿಂಗಪ್ನೋರೆ, ನಾಳೆ ಹೋಗ್ಲೇಬೇಕು. ಇಪ್ಪತ್ತು ಸರಿಯಿದ್ರೆ ಉಳಿದದ್ದೂ ಸರಿಯಿರುತ್ತೆ. ರುಜು ಹಾಕಿಬಿಡಿ" ಎಂದರು.

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಆಮೇಲೆ ಒಂದೊಂದಾಗಿ ಹಾಕುತ್ತ ಹೋದರು. ಮುಗಿದ ಮೇಲೆ, ಯಾರಿಗೆ ಎಂದಿಲ್ಲದೆ, "ನೋಡ್ದೆ ರುಜು ಹಾಕಿದ್ದು ಇದೇ ಮೊದ್ಲು" ಎಂದು ಹೇಳಿ ಕೊಡೆ ತೆಗೆದುಕೊಂಡು ಹೊರಟುಹೋದರು.

ಹಬ್ಬ ಆಯಿತು. ಮೂರ್ತಿ ಸಾರ್ ನನ್ನ ಕೆಲಸ ಕಾಯಂ ಮಾಡುವುದಾಗಿ ಹೇಳಿದರು. ಇನ್ನೊಂದು ದೊಡ್ಡ ಕಚೇರಿಯಿಂದ ನನ್ನ ಪ್ರೋಗ್ರಾಮನ್ನು ನೋಡಲು ಬರುತ್ತಾರೆ ಎಂಬ ಮಾತೂ ಇತ್ತು. ಅಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ. ಮೂರ್ತಿ ಸಾರ್ ಹೊರಗೆ ಹೋಗಿದ್ದರು, ಶಿವಲಿಂಗಪ್ಪನವರು ರಜೆಯಲ್ಲಿದ್ದರು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಮೇಲಿನ ವಯಸ್ಸು, ಬೆರಳುಗಳು ನೀರಿನಲ್ಲಿ ನೆಂದು ನೆಂದು ಬಿಳಿಚಿಕೊಂಡಿದ್ದವು. ಹೆಸರು ಚಿಕ್ಕತಾಯಮ್ಮ ಎಂದಳು. ವಸಂತಪುರದ ಆಚೆ, ಕಾಲುವೆ ಪಕ್ಕದ ಮಡಿವಾಳರ ಕೇರಿಯವಳು.

"ಅಮ್ಮಾ, ನಕ್ಷೆ ಮಾಡೋ ಆಫೀಸು ಇದೇನಾ? ಹಾಳೆ ಮ್ಯಾಲೆ ಈ ವಿಳಾಸ ಐತಂತೆ. ನಮ್ ಕೇರಿ ನಕ್ಷೇಲೇ ಇಲ್ಲ ಅಂತವ್ರೆ. ಬಂದು ಕಲ್ಲು ನೆಟ್ಟವ್ರೆ. ಹದ್ನಾಲ್ಕು ಮನೆ ಐತಮ್ಮ ನಮ್ದು."

ಪ್ಲಾಸ್ಟಿಕ್ ಚೀಲದಿಂದ ಒಂದು ಹಳೆಯ ಕಾಗದ ತೆಗೆದಳು. ಅವಳ ಮಾವನ ಕಾಲದ್ದು. ಊರಿನ ಬಟ್ಟೆ ಒಗೆಯುವವರಿಗೆ ಒಗೆಯಲು, ಒಣಗಿಸಲು, ಮನೆ ಕಟ್ಟಿಕೊಳ್ಳಲು ಕಾಲುವೆಯ ಪಕ್ಕ ಇಪ್ಪತ್ತೈದು ಅಡಿ ಅಗಲದ ಉದ್ದ ಪಟ್ಟಿ ಬಿಟ್ಟುಕೊಟ್ಟದ್ದು.

ತೆಗೆದುಹಾಕಿದ ಚೂರುಗಳು ನೆನಪಾದವು. ಆದರೂ, "ಸಾಹೇಬ್ರು ಇಲ್ಲ. ಮುಂದಿನ ವಾರ ಬನ್ನಿ" ಎಂದೆ. ಅವಳು ಕೈಮುಗಿದು ಹೋದಳು.

ಅವಳು ಗೇಟು ದಾಟುತ್ತಲೇ ಕಪಾಟಿನಿಂದ ಆ ಊರಿನ ಹಳೆಯ ನಕ್ಷೆ ತೆಗೆದೆ. ತೊಂಬತ್ತೊಂದನೇ ಹಾಳೆ. ಅದನ್ನು ಹಿಂದೆ ಯಾರೋ ಉಳಿದವುಗಳ ಅರ್ಧ ಅಳತೆಗೆ ಬರೆದಿದ್ದರು. ಬೇರೆ ಹಾಳೆಯಾಗಿದ್ದರೆ ಆ ಪಟ್ಟಿ ಎರಡು ಮಿಲಿಮೀಟರ್ ಬರುತ್ತಿತ್ತು. ಇಲ್ಲಿ ಒಂದಕ್ಕೂ ಕೂದಲೆಳೆಯಷ್ಟು ಕಡಿಮೆ. ಹಾಳೆಗಳನ್ನು ಒಂದೇ ಅಳತೆಗೆ ತರುವ ಮೊದಲೇ ಕಂಪ್ಯೂಟರ್ ಚೂರು ತೆಗೆಯುತ್ತಿತ್ತು. ಕಾಲುವೆಯ ಗುಂಟ ಎರಡು ಸಣ್ಣ ಗೆರೆಗಳು, ನಡುವೆ ಮನೆಗಳ ಗುರುತಿಗೆ ಚುಕ್ಕಿಗಳು. ಹೊಸ ಹಾಳೆಯಲ್ಲಿ ಅಲ್ಲಿ ಒಂದೇ ಗೆರೆ ಇತ್ತು. ಪಟ್ಟಿ ಪಕ್ಕದ ದೊಡ್ಡ ಹೊಲದೊಳಗೆ ಸೇರಿಹೋಗಿತ್ತು. ಆ ಹೊಲ ಬಡಾವಣೆಗೆಂದು ಸರ್ಕಾರ ಆಗಲೇ ವಶಕ್ಕೆ ತೆಗೆದುಕೊಂಡದ್ದು. ಕಂಪ್ಯೂಟರ್ ಬರೆದಿಟ್ಟ ಲೆಕ್ಕದ ಕಡತ ತೆರೆದು ನೋಡಿದೆ. 'ಹಾಳೆ ೯೧, ತೆಗೆದ ಚೂರು ೩೭.' ಎಷ್ಟು ಎಂದು ಬರೆದುಕೊಳ್ಳಲು ಹೇಳಿದ್ದೆ. ಯಾವುದು ಎಂದು ಬರೆದುಕೊಳ್ಳಲು ಹೇಳಿರಲಿಲ್ಲ.

ಸಂಜೆ ಮೂರ್ತಿ ಸಾರ್ ಬಂದಾಗ ಎರಡೂ ಹಾಳೆಗಳನ್ನು ಅವರ ಮುಂದಿಟ್ಟೆ. ಅವರು ಬಾಗಿಲು ಹಾಕಿಕೊಂಡರು.

"ಇದು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ ಸಾರ್."

"ನೋಡು, ಇಲಾಖೆಯವರು ಒಪ್ಕೊಂಡಾಗಿದೆ. ಈಗ ಒಂದು ಹಾಳೆ ತಪ್ಪು ಅಂದ್ರೆ ನೂರಾ ಹನ್ನೆರಡೂ ವಾಪಸ್ ಬರ್ತವೆ. ನಿನ್ನ ಪ್ರೋಗ್ರಾಂ ನೋಡೋಕೆ ಬೇರೆ ಬರೋರಿದಾರೆ. ಸ್ವಲ್ಪ ದಿನ ಸುಮ್ನಿರು. ನಾನು ನಿಧಾನಕ್ಕೆ ಮಾತಾಡ್ತೀನಿ."

ನನಗೆ ಆದದ್ದು ಸಮಾಧಾನ. ಅದನ್ನು ಈಗ ಮುಚ್ಚಿಟ್ಟು ಏನೂ ಉಪಯೋಗವಿಲ್ಲ. ಇನ್ನು ಇದು ಸಾರ್ ನೋಡಿಕೊಳ್ಳುವ ವಿಷಯ ಎಂದುಕೊಂಡು ಮನೆಗೆ ಹೋದೆ. ಒಂಬತ್ತು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ರಜೆ ಮುಗಿಸಿ ಬಂದ ಶಿವಲಿಂಗಪ್ಪನವರ ಎದುರಿಗೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಅವರ ಹೆಂಡತಿ ಮಾಡಿ ಕಳಿಸಿದ ಹುಚ್ಚೆಳ್ಳು ಚಟ್ನಿಪುಡಿ ನನ್ನ ತಟ್ಟೆಗೂ ಬೀಳುತ್ತಿತ್ತು. ಹಗಲು ಕೆಲಸದ ನಡುವೆ, ಮಳೆ ಜೋರಾದಾಗ, ಆ ಹದಿನಾಲ್ಕು ಮನೆಯ ಮೇಲೂ ಇದೇ ಮಳೆ ಬೀಳುತ್ತಿರಬೇಕು ಅನಿಸುತ್ತಿತ್ತು. ಆದರೂ ಏಳಲಿಲ್ಲ.

ಹತ್ತನೇ ದಿನ ಚಿಕ್ಕತಾಯಮ್ಮ ಮತ್ತೆ ಬಂದಳು. ಸೀರೆಯ ಅಂಚೆಲ್ಲ ಕೆಸರು. ಈ ಸಲ ಬಾಗಿಲು ತೆರೆದವರು ಶಿವಲಿಂಗಪ್ಪನವರು. ಅವಳು ಅವರನ್ನು ದಾಟಿ ನನ್ನನ್ನು ನೋಡಿದಳು.

"ಈ ಅಮ್ಮನ್ನೇ ಕೇಳಿದ್ದೆ ಸಾಮಿ. ಮುಂದಿನ ವಾರ ಬಾ ಅಂದಿದ್ರು. ಮೊನ್ನೆ ಐದು ಮನೆ ಕೆಡವಿ ಹಾಕವ್ರೆ. ನಮ್ಮ ಮೈದುನನ ಸೊಸೆ ಬಾಣಂತಿ. ಕೂಸು ಎತ್ಕೊಂಡು ಮಳೇಲಿ ನಿಂತಿದ್ಲು."

ಶಿವಲಿಂಗಪ್ಪನವರು ತಿರುಗಿ ನನ್ನ ಮುಖ ನೋಡಿದರು. ಚಿಕ್ಕತಾಯಮ್ಮನನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿ, ಅವಳ ಕಾಗದ ಓದಿದರು. ತೊಂಬತ್ತೊಂದನೇ ಹಾಳೆಯನ್ನು ಹಳೆಯ ನಕ್ಷೆಯ ಮೇಲಿಟ್ಟು ದೀಪ ಹಾಕಿದರು. ಭೂತಗನ್ನಡಿ ತೆಗೆಯುವ ಅಗತ್ಯವೇ ಬೀಳಲಿಲ್ಲ.

"ಇನ್ನೊಂದು ಅಂದ್ನಲ್ಲ, ಇದೇ ಕಣಮ್ಮ" ಎಂದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಬಹಳ ಮೆಲ್ಲಗೆ ಹೇಳಿದರು.

ಆಮೇಲೆ ಮೂರ್ತಿ ಸಾರ್ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಇವತ್ತೇ ಇಲಾಖೆಗೆ ಕಾಗದ ಹೋಗ್ಬೇಕು ಸಾರ್. ಮಿಕ್ಕಿರೋ ಒಂಬತ್ತು ಮನೇನಾದ್ರೂ ಉಳೀಲಿ" ಎಂದರು.

"ಹೋದ್ರೆ ನಮ್ಮ ಗತಿ? ಏನಂತ ಬರೀಲಿ? ಯಾರು ತಪ್ಪು ಮಾಡಿದ್ರು ಅಂತ ಬರೀಲಿ?"

"ತಾಳೆ ನೋಡಿದವರು ಅಂತ ಯಾರ ರುಜು ಐತೋ ಅವರದ್ದು ಅಂತ ಬರೀರಿ."

ಆಗ ನಾನು ಬಾಯಿ ಬಿಡಬೇಕಿತ್ತು. ಪ್ರಶ್ನೆಯನ್ನು ತೆಗೆದುಹಾಕಿದವಳು ನಾನು, ಒಂಬತ್ತು ದಿನ ಗೊತ್ತಿದ್ದೂ ಸುಮ್ಮನಿದ್ದವಳು ನಾನು ಎನ್ನಬೇಕಿತ್ತು. ಬಾಯಿಂದ ಬಂದದ್ದು ಇಷ್ಟೇ: "ಸಾರ್, ಎಲ್ಲಾ ಹಾಳೆಗಳನ್ನೂ ಮತ್ತೆ ನೋಡ್ಬೇಕು. ಒಂದೊಂದು ಚೂರನ್ನೂ ಕೇಳಿ ಕೇಳಿ." ಮೂರ್ತಿ ಸಾರ್ ತಲೆಯ ಮೇಲೆ ಕೈ ಹೊತ್ತು ಕೂತರು. ಕೊನೆಗೆ ಒಪ್ಪಿದರು. ಕಾಗದವನ್ನು ಟೈಪ್ ಮಾಡಿದವಳೂ ನಾನೇ. 'ತಾಳೆ ನೋಡುವವರ ಗಮನಕ್ಕೆ ಬಾರದೆ ಆದ ಲೋಪ' ಎಂಬ ಸಾಲನ್ನು ಮೂರ್ತಿ ಸಾರ್ ಹೇಳಿದರು, ನಾನು ಒತ್ತಿದೆ.

ಕಾಗದ ಹೋದ ಮೇಲೆ ಕೆಡವುವುದು ನಿಂತಿತು. ಒಂಬತ್ತು ಮನೆ ಉಳಿದವು. ಮುಂದಿನ ಮೂರು ವಾರ ಶಿವಲಿಂಗಪ್ಪನವರೂ ನಾನೂ ಮೊದಲಿನ ಹಾಗೆ ಅಕ್ಕಪಕ್ಕ ಕೂತೆವು. ನೆರೆಹೊರೆಯ ಗೆರೆಗಳನ್ನಷ್ಟೇ ಹೋಲಿಸುವ ನನ್ನ ಉಪಾಯ ಹಾಗೇ ಇತ್ತು, ವೇಗವೂ ಇತ್ತು. ಆದರೆ ಚೂರು ಸಿಕ್ಕಿದ ಕಡೆ ಮಾತ್ರ ಕಂಪ್ಯೂಟರ್ ಮತ್ತೆ ನಿಲ್ಲುತ್ತಿತ್ತು. ದಿನಕ್ಕೆ ಆರೇಳು ಹಾಳೆ ಆಗುತ್ತಿದ್ದವು. ಇಷ್ಟನ್ನು ಮೊದಲೇ ಮಾಡಿದ್ದರೂ ಹಬ್ಬದೊಳಗೆ ಎಲ್ಲ ಹಾಳೆಯೂ ಮುಗಿಯುತ್ತಿತ್ತು ಎಂದು ಎರಡನೇ ದಿನವೇ ನನಗೆ ತಿಳಿಯಿತು. ಅರ್ಧ ಅಳತೆಯ ಇನ್ನೊಂದು ಹಾಳೆಯಲ್ಲಿ ಸುಡುಗಾಡಿಗೆ ಹೋಗುವ ದಾರಿಯೊಂದು ಅಳಿಸಿಹೋಗಿತ್ತು. ಅದನ್ನು ಮತ್ತೆ ಬರೆದೆವು. ತೆಗಿ, ತೆಗಿ, ಇರ್ಲಿ ಎನ್ನುವುದು ಬಿಟ್ಟರೆ ಅವರು ನನ್ನ ಜೊತೆ ಬೇರೆ ಮಾತಾಡಲಿಲ್ಲ. ಚಟ್ನಿಪುಡಿ ಮಾತ್ರ ದಿನವೂ ನನ್ನ ತಟ್ಟೆಗೆ ಬೀಳುತ್ತಿತ್ತು.

ನೂರಾ ಹನ್ನೆರಡನೇ ಹಾಳೆ ಮುಗಿದ ಸಂಜೆ ಮೂರ್ತಿ ಸಾರ್ ಶಿವಲಿಂಗಪ್ಪನವರನ್ನು ಒಳಗೆ ಕರೆದರು. ಇಲಾಖೆಯವರು ಯಾರ ಮೇಲಾದರೂ ಕ್ರಮ ಆಗಲೇಬೇಕು ಎಂದಿದ್ದರಂತೆ. ಹೊರಗೆ ಬಂದ ಶಿವಲಿಂಗಪ್ಪನವರು ಸ್ಕೇಲು, ಭೂತಗನ್ನಡಿಗಳನ್ನು ಚೀಲಕ್ಕೆ ಹಾಕಿಕೊಂಡರು. ಅದೇ ವಾರ ನನ್ನ ಕೆಲಸ ಕಾಯಂ ಆದ ಕಾಗದ ಬಂತು.

ಆದರೆ ಹೊರಡುವ ಮೊದಲು ಶಿವಲಿಂಗಪ್ಪನವರು ಒಂದು ಕೆಲಸ ಬಾಕಿಯಿದೆ ಎಂದಿದ್ದರು. ತಿದ್ದಿದ ಹಾಳೆಯ ಒಂದು ಪ್ರತಿಯನ್ನು ಆ ಹೆಂಗಸಿಗೆ ಕೊಟ್ಟು, ಪಟ್ಟಿಯ ಎಲ್ಲೆಯನ್ನು ನೆಲದ ಮೇಲೆ ಗುರುತಿಸಿ ಬರಬೇಕು. ಕೆಲಸದಲ್ಲಿ ಇಲ್ಲದ ಮನುಷ್ಯ, ಶನಿವಾರ ಮಧ್ಯಾಹ್ನ ಅಳತೆಯ ಸರಪಳಿ ಹೆಗಲಿಗೆ ಹಾಕಿಕೊಂಡು ಬಂದರು. ನಾನು ಜೊತೆಗೆ ಹೋದೆ.

ಮಳೆ ಹಿಂದೆ ಸರಿದಿತ್ತು. ಕಾಲುವೆಯ ಗುಂಟ ಹಗ್ಗಗಳ ಮೇಲೆ ಯಾರು ಯಾರದೋ ಮನೆಯ ಸೀರೆ, ಪಂಚೆ, ಹಾಸಿಗೆ ಬಟ್ಟೆಗಳು ಹಾರುತ್ತಿದ್ದವು. ಎರಡು ಕತ್ತೆಗಳು ಮೇಯುತ್ತಿದ್ದವು. ಸಾಲಿನ ಕೊನೆಯಲ್ಲಿ ಐದು ಮಣ್ಣಿನ ಗುಡ್ಡೆ. ಒಂದರ ಮೇಲೆ ಗೋಣಿಚೀಲ, ತಗಡು ಹೊದಿಸಿ ಯಾರೋ ಒಲೆ ಹೂಡಿದ್ದರು. ಶಿವಲಿಂಗಪ್ಪನವರು ಸರಪಳಿಯ ಒಂದು ತುದಿಯನ್ನು ನನಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ನಡೆದರು. ಪರದೆಯ ಮೇಲೆ ಉಗುರಿನಂಚಿನಂತಿದ್ದುದನ್ನು ದಾಟಲು ನನಗೆ ಒಂಬತ್ತು ಹತ್ತು ಹೆಜ್ಜೆ ಬೇಕಾಯಿತು. ಕೇರಿಯವರು ನಾವು ತೋರಿಸಿದಲ್ಲೆಲ್ಲ ಕಲ್ಲು ಹುಗಿದರು.

ಕೆಲಸ ಮುಗಿದ ಮೇಲೆ ಚಿಕ್ಕತಾಯಮ್ಮ ಚೊಂಬಿನಲ್ಲಿ ನೀರುಮಜ್ಜಿಗೆ ತಂದಳು. ನಕ್ಷೆಯ ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಕೆಳಗಾಗಿ ನೋಡಿ, ಮಡಿಸಿಟ್ಟುಕೊಂಡಳು. ಆಮೇಲೆ ನನ್ನನ್ನೇ ಕೇಳಿದಳು.

"ಅಮ್ಮಾ, ನಮ್ ಕೇರೀನ ಅಳಿಸಿದ್ದು ಯಾರು ಅಂತ ಗೊತ್ತಾಯ್ತಾ?"

ಶಿವಲಿಂಗಪ್ಪನವರು ಎರಡು ಮಾರು ದೂರದಲ್ಲಿ ಸರಪಳಿ ಮಡಿಸುತ್ತಿದ್ದರು. ಕೊಂಡಿಗಳ ಸದ್ದು ನಿಂತಿತು.

"ಮಿಷನ್ನಲ್ಲಿ ತಪ್ಪಾಗಿತ್ತಮ್ಮ" ಎಂದೆ.

ಅವಳು ಕೆಡವಿದ ಮನೆಗಳ ಕಡೆ ನೋಡಿದಳು. "ಅಯ್ಯೋ, ಮಿಷನ್ನಿಗೇನ್ ಗೊತ್ತಾಯ್ತದೆ ಪಾಪ" ಎಂದಳು.

ಕನಕಪುರ ರಸ್ತೆಯವರೆಗೆ ಇಬ್ಬರೂ ನಡೆದೆವು. ಬಸ್ ಸ್ಟಾಪಿನಲ್ಲಿ ನಾನು, "ಸಾರ್, ಅವತ್ತು ನಾನು ಹೇಳ್ಬೇಕಿತ್ತು" ಎಂದು ಶುರುಮಾಡಿದೆ. ಅವರು ರಸ್ತೆಯ ಕಡೆಯೇ ನೋಡುತ್ತಿದ್ದರು.

"ನಿನ್ ಬಸ್ ಬಂತು ನೋಡಮ್ಮ, ಹತ್ತು" ಎಂದರು.

ಜಯನಗರದ ಬಸ್ಸು ಬಂದಿತ್ತು, ನಿಜ. ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತಿರುಗಿ ನೋಡಿದಾಗ ಅವರು ಸರಪಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ತಮ್ಮ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು.